ದೊಡ್ಡಮ್ಮನಿಗೆ ಫೋನ್ ಕೊಡಮ್ಮ

ನನ್ನ ಬಾಯಿ ಕೆಟ್ಟದ್ದು ಎಂದು ಊರೆಲ್ಲ ಹೇಳುತ್ತದೆ. ಹೇಳಲಿ ಬಿಡಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ನನಗೆ ಆ ಗಾದೆಯ ಮೊದಲ ಅರ್ಧ ಮಾತ್ರ ಒಪ್ಪುತ್ತದೆ. ತಲೆನೋವು ಎಂದು ಒಂದು ದಿನ ಮಲಗಿದವಳಲ್ಲ ನಾನು. ಜಗಳ ಮಾತ್ರ ನಮ್ಮ ಬೀದಿಯ ಈ ತುದಿಯಿಂದ ಆ ತುದಿಯವರೆಗೂ ಇದೆ. ಒಂದೊಂದಕ್ಕೂ ಕಾರಣವಿದೆ, ಒಂದೊಂದರಲ್ಲೂ ನ್ಯಾಯ ನನ್ನ ಕಡೆಗೇ ಇದೆ. ಆದರೆ ನ್ಯಾಯ ಸಂಜೆ ಹೊತ್ತು ಬಂದು ಜಗಲಿಯ ಮೇಲೆ ಕೂತು ಮಾತಾಡುವುದಿಲ್ಲ, ಅದೊಂದು ತೊಂದರೆ.

ನಮ್ಮದು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಊರು. ನನ್ನ ಹೆಸರು ಲಕ್ಷ್ಮಿದೇವಮ್ಮ. ಗಂಡ ನರಸಿಂಹಪ್ಪ ತೀರಿಕೊಂಡ ಮೇಲೆ ನನಗೆ ಉಳಿದದ್ದು ಹಿಪ್ಪುನೇರಳೆ ತೋಟ, ಹಿತ್ತಲಿನ ಹುಳುಮನೆ, ಮಗಳು ಭಾನುಪ್ರಿಯಾ. ರೇಷ್ಮೆ ಹುಳುವಿನ ಕೆಲಸವನ್ನು ಒಂಟಿ ಹೆಂಗಸು ಹೇಗೋ ಮಾಡಬಹುದು, ಹುಳು ಹಣ್ಣಾಗುವ ದಿನವೊಂದನ್ನು ಬಿಟ್ಟು. ಅವತ್ತು ಹುಳುವಿನ ಮೈ ಹಳದಿಗೆ ತಿರುಗುತ್ತದೆ. ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು, ಗೂಡು ಕಟ್ಟಲು ಜಾಗ ಹುಡುಕುತ್ತವೆ. ಒಂದೊಂದನ್ನೇ ಆಯ್ದು ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ತಡ ಮಾಡಿದರೆ ಎಲೆಕಸದಲ್ಲೇ ನೂಲು ಬಿಟ್ಟು ಕೂತುಬಿಡುತ್ತವೆ, ಬೆಳೆ ಮಣ್ಣುಪಾಲು. ಊರಲ್ಲಿ ಎಲ್ಲರ ಹುಳುವೂ ಹೆಚ್ಚುಕಡಿಮೆ ಒಟ್ಟಿಗೇ ಹಣ್ಣಾಗುವುದರಿಂದ ಕೂಲಿಗೆ ಆಳು ಸಿಕ್ಕುವುದಿಲ್ಲ. ಅದಕ್ಕೇ ನಮ್ಮ ಕಡೆ ಮುಯ್ಯಿ ಎಂದಿದೆ. ಇವತ್ತು ನೀನು ನನ್ನ ಮನೆಗೆ ದುಡಿಯಲು ಬಾ, ನಾಳೆ ನಾನು ನಿನ್ನ ಮನೆಗೆ ಬರುತ್ತೇನೆ. ಕೂಲಿಯಿಲ್ಲ, ಬರೀ ಮಾತಿನ ಮೇಲೆ ನಡೆಯುವ ವ್ಯವಹಾರ. ಮಾತೇ ಬಿಟ್ಟವಳ ಮನೆಗೆ ಮುಯ್ಯಿಗೆ ಬರುವವರು ಯಾರು? ನನಗಿದ್ದ ಒಬ್ಬಳೇ ಮುಯ್ಯಾಳು ನನ್ನ ಮಗಳು.

ಆ ಮಗಳು ಎಸ್ಸೆಸ್ಸೆಲ್ಸಿ ಪಾಸಾದಳು. ಬರೀ ಪಾಸಲ್ಲ, ಅವರ ಶಾಲೆಗೇ ಎರಡನೆಯವಳು. ನಾನು ಬೀದಿಯಲ್ಲಿ ಯಾರಿಗೂ ಹೇಳಲಿಲ್ಲ, ಹೇಳಲು ಯಾರ ಹತ್ತಿರವೂ ಮಾತಿರಲಿಲ್ಲವಲ್ಲ. ಹುಳುಮನೆಗೆ ಹೋಗಿ ಸೊಪ್ಪು ಹಾಕುತ್ತಾ ಹುಳುಗಳಿಗೇ ಹೇಳಿಕೊಂಡೆ.

ಅವಳ ಶಾಲೆಯ ಮುರಳಿಮೋಹನ್ ಮೇಷ್ಟ್ರು ಒಂದು ಸಂಜೆ ಮನೆಗೆ ಬಂದರು. ಹುಳು ಆಗ ನಾಲ್ಕನೇ ಜ್ವರದಲ್ಲಿತ್ತು. ಪೊರೆ ಬಿಡುವುದಕ್ಕೆ ಮೇವು ಬಿಟ್ಟು ಅಲ್ಲಾಡದೆ ಕೂತುಕೊಳ್ಳುವುದನ್ನು ನಾವು ಜ್ವರ ಎನ್ನುತ್ತೇವೆ. ಆ ಹೊತ್ತಿನಲ್ಲಿ ಹೊರಗಿನವರನ್ನು ಒಳಗೆ ಬಿಡುವ ಪದ್ಧತಿ ಇಲ್ಲ. ಮೇಷ್ಟ್ರಾದರೂ ಅಷ್ಟೇ. ಪಾಪ, ಅವರು ಗೇಟಿನ ಆಚೆ ಬೈಕಿಗೆ ಒರಗಿ ನಿಂತುಕೊಂಡೇ ಕೂಗಿ ಮಾತಾಡಿದರು.

"ನೋಡಮ್ಮ ಲಕ್ಷ್ಮಿದೇವಮ್ಮ, ಹತ್ತನೇ ಕ್ಲಾಸ್ ಆದ್ಮೇಲೆ ಎಲ್ರೂ ಕುರಿ ಹಿಂದೆ ಕುರಿ ಅನ್ನೋ ಹಂಗೆ ಪಿಯುಸಿಗೆ ಹೋಗ್ತಾರೆ. ಹೋಗ್ಲಿ, ತಪ್ಪಲ್ಲ. ಬೇಗ ಕೆಲಸಕ್ಕೆ ಸೇರೋರಿಗೆ ಐಟಿಐ ಇದೆ. ಚಿಂತಾಮಣೀಲಿ ಪಾಲಿಟೆಕ್ನಿಕ್ ಇದೆ. ಭಾನೂಗೆ ಮಾತ್ರ ನಾನು ಗೌರಿಬಿದನೂರು ಅಂತೀನಿ. ಟೂಲ್ ಅಂಡ್ ಡೈ ಡಿಪ್ಲೊಮಾ. ಸೀಟು ಬಂದಿದೆ, ಇವಳು ನಿಮಗೆ ಹೇಳೇ ಇಲ್ವಾ?"

ಇಲ್ಲ, ಹೇಳಿರಲಿಲ್ಲ. ನಾನು ಭಾನು ಕಡೆ ನೋಡಿದೆ. ಅವಳು ಗೇಟಿನ ಚಿಲಕ ತಿರುಗಿಸುತ್ತಾ ನಿಂತಿದ್ದಳು.

"ಏನ್ ಸ್ವಾಮಿ ಅದು, ಏನ್ ಮಾಡಿಸ್ತಾರೆ ಅದ್ರಲ್ಲಿ?" ಎಂದೆ.

"ಬಕೆಟ್ಟು, ಪೆನ್ನಿನ ಮುಚ್ಚಳ, ಕಾರಿನ ಬಿಡಿಭಾಗ, ಏನೇ ಮಾಡ್ಬೇಕಾದ್ರೂ ಮೊದಲು ಕಬ್ಬಿಣದಲ್ಲಿ ಒಂದು ಅಚ್ಚು ಬೇಕಲ್ಲಮ್ಮ, ಆ ಅಚ್ಚು ಮಾಡೋದು. ಈ ಹುಡುಗಿ ಕೈ ಅದಕ್ಕೇ ಮಾಡಿಟ್ಟಂಗಿದೆ. ಹಾಸ್ಟೆಲಲ್ಲಿ ಇರ್ಬೇಕಾಗುತ್ತೆ. ಮುಂದಿನ ವಾರ ಶನಿವಾರದೊಳಗೆ ಸೇರ್ಕೋಬೇಕು."

ಕೈಯ ಮಾತು ನಿಜ. ಔಷಧಿ ಹೊಡೆಯುವ ಪಂಪು ಕೆಟ್ಟಾಗ ಪೂರ್ತಿ ಬಿಚ್ಚಿ ಹರಡಿಕೊಂಡು, ನಾನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರೂ ತಲೆ ಎತ್ತದೆ ಸರಿಮಾಡಿದವಳು ಅವಳು. ಶಿಡ್ಲಘಟ್ಟಕ್ಕೆ ಗೂಡು ಮಾರಲು ಹೋದರೆ ಬೇರೆ ಹುಡುಗಿಯರು ಬಳೆ ಅಂಗಡಿಯ ಮುಂದೆ ನಿಲ್ಲುತ್ತಾರೆ. ನಮ್ಮದು ಲೇತ್ ಅಂಗಡಿಯ ಮುಂದೆ ನಿಲ್ಲುತ್ತದೆ. ಕಿವಿ ಹಿಡಿದು ಎಳೆದುಕೊಂಡು ಬರಬೇಕು.

"ನಾನು ಹೋಗಲ್ಲ ಸಾರ್," ಎಂದಳು ಭಾನು. "ಶಿಡ್ಲಘಟ್ಟದಲ್ಲೇ ಕಾಮರ್ಸ್ ತಗೊಂಡು ಬಸ್ಸಲ್ಲಿ ಓಡಾಡ್ತೀನಿ."

ಮೇಷ್ಟ್ರು ಹೋದ ಮೇಲೆ ಶುರುಮಾಡಿದೆ ನಾನು. ಎಲ್ಲಿಯ ಕಾಮರ್ಸು, ಯಾವ ಕಾಮರ್ಸು, ಲೆಕ್ಕ ಬರೆಯೋಕೆ ಇಷ್ಟೆಲ್ಲ ಓದಿದ್ದಾ ಎಂದು ಪಾತ್ರೆ ಕುಕ್ಕಿದೆ. ಅವಳು ಒಂದೇ ಮಾತು ಕೇಳಿದಳು.

"ನಾನು ಹೋದ್ರೆ ಹಣ್ಣು ಹುಳ ಯಾರಮ್ಮ ಆಯ್ತಾರೆ? ನಿನ್ ಜೊತೆ ಯಾರಿದ್ದಾರೆ?"

ಎಂಥ ಅನ್ಯಾಯ ನೋಡಿ, ನನ್ನ ಜಗಳಗಳ ದಂಡವನ್ನು ಈ ಮಗು ಕಟ್ಟಬೇಕೇ? ಇನ್ನೊಬ್ಬಳಾಗಿದ್ದರೆ ಅಳುತ್ತಿದ್ದಳು. ನಾನು ಸುಳ್ಳು ಹೇಳಿದೆ.

"ಯಾರೂ ಇಲ್ಲ ಅಂತ ಯಾರೇ ಹೇಳಿದ್ದು? ಕೊಂಡಮ್ಮಕ್ಕ ಬರ್ತಾಳೆ ಮುಯ್ಯಿಗೆ. ಮಾತಾಗಿದೆ."

ಭಾನು ಗೊಳ್ಳೆಂದು ನಕ್ಕಳು. ನಗದೆ ಏನು ಮಾಡುತ್ತಾಳೆ? ಕೊಂಡಮ್ಮ ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮಿಬ್ಬರ ಮನೆಗೂ ಮಧ್ಯೆ ಒಂದೇ ಗೋಡೆ. ಅವಳ ಗಂಡನೂ ಇಲ್ಲ, ಮಗಳನ್ನು ಮದುವೆ ಮಾಡಿ ಕಳಿಸಿ ಎರಡು ಸೀಮೆ ಹಸು ಕಟ್ಟಿಕೊಂಡು ಇದ್ದಾಳೆ. ಭಾನು ಮೂರನೇ ಕ್ಲಾಸಿನಲ್ಲಿದ್ದಾಗ ಅವಳು ಬಾಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡು ನನ್ನ ಹುಳುಮನೆಗೆ ಬಂದಳು. ಹೊಗೆಸೊಪ್ಪಿನ ಗಾಳಿ ಹುಳುವಿಗೆ ವಿಷ ಎಂದು ಹುಟ್ಟಿದ ಕೂಸಿಗೂ ಗೊತ್ತು. ಮಾರನೆಯ ದಿನ ಅವಳು ನಿಂತಿದ್ದ ಕಡೆಯ ತಟ್ಟೆಗಳಲ್ಲಿ ಹುಳು ವಾಂತಿ ಮಾಡಿಕೊಂಡು ಸತ್ತವು. ನಾನು ಬಾಯಿ ಬಿಟ್ಟೆ. ಅವಳೂ ಬಿಟ್ಟಳು, ಪಕ್ಕದ ಹೊಲದಲ್ಲಿ ಔಷಧಿ ಹೊಡೆದಿದ್ದರು, ಅದರ ಸೊಪ್ಪು ತಂದು ಹಾಕಿದವಳು ನೀನು ಎಂದಳು. ಅವತ್ತಿನಿಂದ ಮಾತಿಲ್ಲ. ಇವತ್ತಿಗೂ ಹೇಳುತ್ತೇನೆ, ಅದು ಹೊಗೆಸೊಪ್ಪೇ.

ಮಾತಿಲ್ಲ ಎಂದರೆ ಏನೂ ಇಲ್ಲ ಎಂದಲ್ಲ. ಹೇಳಲೇಬೇಕಾದ್ದನ್ನು ಭಾನು ಮೂಲಕ ಹೇಳಿಸುವುದು. 'ಹೇಳು ನಿಮ್ಮ ದೊಡ್ಡಮ್ಮನಿಗೆ, ನಲ್ಲಿ ನೀರು ಬಂತು ಅಂತ.' ಅವಳು ಅಲ್ಲೇ ನಿಂತಿರುತ್ತಾಳೆ, ಕೇಳಿಸಿಯೂ ಇರುತ್ತದೆ. ಆದರೂ ಭಾನು ಹೇಳಬೇಕು. ಪದ್ಧತಿ ಎಂದರೆ ಪದ್ಧತಿ.

"ದೊಡ್ಡಮ್ಮ ಬರ್ತಾಳಾ? ನಿನ್ ಹುಳುಮನೆಗಾ?" ಎಂದಳು ಭಾನು ಕಣ್ಣೊರೆಸಿಕೊಂಡು. "ಸರಿ ಹಂಗಾದ್ರೆ. ಈ ಬೆಳೆಗೆ ಬರ್ಲಿ. ನಾನು ಕಣ್ಣಾರೆ ನೋಡ್ತೀನಿ. ಬಂದ್ರೆ ಶನಿವಾರ ಗೌರಿಬಿದನೂರು. ಬರ್ಲಿಲ್ಲ ಅಂದ್ರೆ ಕಾಮರ್ಸು."

ನನ್ನ ಮಗಳಲ್ಲವೇ, ಪಟ್ಟು ಎಂದರೆ ಪಟ್ಟು.

ಎರಡು ದಿನ ಒದ್ದಾಡಿದೆ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬರುತ್ತದೆಯೇ ಎಂದು ನನ್ನ ಅವ್ವ ಹೇಳುತ್ತಿದ್ದಳು. ಮೂಗು ಹೋದರೆ ಹೋಗಲಿ, ಮಗಳ ಓದು ಹೋಗಬಾರದು ಎಂದುಕೊಂಡು ಮೂರನೆಯ ದಿನ ಬೆಳಿಗ್ಗೆ ಕೊಂಡಮ್ಮನ ಕೊಟ್ಟಿಗೆಗೆ ಹೋದೆ. ಅವಳು ಹಾಲು ಕರೆಯುತ್ತಿದ್ದಳು. ನನ್ನನ್ನು ನೋಡಿದಳು, ಮುಖ ತಿರುಗಿಸಿ ಹಸುವಿನ ಹೊಟ್ಟೆಗೆ ತಲೆ ಆನಿಸಿದಳು. ಭಾನು ಜೊತೆಯಲ್ಲಿರಲಿಲ್ಲ. ಯಾರ ಮೂಲಕ ಹೇಳುವುದು? ಹಸುವಿಗೇ ಹೇಳಿದೆ.

"ಏನಮ್ಮ ಕೆಂಪಿ, ನಮ್ಮ ಹುಡುಗಿಗೆ ಗೌರಿಬಿದನೂರಲ್ಲಿ ಸೀಟು ಸಿಕ್ಕಿದೆ. ಹುಳ ಆಯೋಕೆ ಯಾರಾದ್ರೂ ಬಂದ್ರೆ ಮಾತ್ರ ಹೋಗ್ತೀನಿ ಅಂತ ಕೂತವಳೆ. ಗುರುವಾರ ಹಣ್ಣಾಗುತ್ತೆ."

ಹಸು ಕಿವಿ ಒದರಿತು. ಕೊಂಡಮ್ಮ ಬಾಗೇಪಲ್ಲಿ ಕಡೆಯವಳು, ಕೋಪ ಬಂದರೂ ಪ್ರೀತಿ ಬಂದರೂ ಅವಳಿಗೆ ತೆಲುಗೇ ಬರುವುದು. ಚೊಂಬು ತುಂಬುವವರೆಗೂ ಹಾಲು ಕರೆದು, ಎದ್ದು, ಅವಳೂ ಹಸುವಿಗೇ ಹೇಳಿದಳು.

"ಪೋನೀಲೇ ಕೆಂಪಿ. ಹೋಗ್ಲಿ ಬಿಡು. ಮಗು ಮುಖ ನೋಡಿ ಈ ಒಂದು ಬೆಳೆಗೆ ಬರ್ತೀನಿ. ಇದೊಂದೇ. ಆಮೇಲೆ ಆ ಮನೆ ಹೊಸಿಲು ತುಳಿಯಲ್ಲ, ಮುಯ್ಯೀನೂ ಬೇಡ, ಏನೂ ಬೇಡ."

ನನಗೂ ಅಷ್ಟೇ ಬೇಕಾಗಿತ್ತು. ಕೆಂಪಿಯ ಬೆನ್ನು ಸವರಿ ಬಂದೆ.

ಗುರುವಾರ ಕೊಂಡಮ್ಮ ಬಂದಳು. ಮೂಗು ಬಾಯಿ ಎರಡಕ್ಕೂ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಬಂದಳು. 'ಹೇಳಮ್ಮ ಭಾನು, ನಿಮ್ಮಮ್ಮನ ಹುಳಕ್ಕೆ ನನ್ನ ಉಸಿರೂ ತಾಕಬಾರದಲ್ಲ' ಎಂದಳು. 'ಹೇಳು ನಿಮ್ಮ ದೊಡ್ಡಮ್ಮನಿಗೆ, ಉಸಿರು ಕಟ್ಟಿ ಬಿದ್ರೆ ಎತ್ತೋಕೆ ನನಗೆ ಶಕ್ತಿ ಇಲ್ಲ' ಎಂದೆ. ಭಾನು ಇಬ್ಬರ ನಡುವೆ ನಿಂತು ಒಂದು ಮಾತನ್ನೂ ಬಿಡದೆ ಆ ಕಡೆಗೂ ಈ ಕಡೆಗೂ ದಾಟಿಸಿದಳು. ನಡುವೆ ಒಮ್ಮೆ ತಡೆಯಲಾರದೆ ಕೊಂಡಮ್ಮ ನಕ್ಕಳು, ಬಟ್ಟೆಯ ಒಳಗಿಂದಲೇ. ಸಂಜೆಗೆ ಚಂದ್ರಿಕೆಗಳೆಲ್ಲ ತುಂಬಿದವು. ಭಾನು ನನ್ನ ಭುಜಕ್ಕೆ ತಲೆ ಇಟ್ಟು, "ಪರ್ವಾಗಿಲ್ವೇ ನೀನು," ಎಂದಳು. ನಂಬಿಬಿಟ್ಟಿದ್ದಳು.

ಶನಿವಾರ ಚಿಕ್ಕಬಳ್ಳಾಪುರಕ್ಕೆ ಹೋಗಿ ಅಲ್ಲಿಂದ ಬಸ್ಸು ಬದಲಾಯಿಸಿ ಗೌರಿಬಿದನೂರಿಗೆ ಹೋದೆವು. ಹಾಸ್ಟೆಲಿನ ಮಂಚಕ್ಕೆ ಅವಳ ಹಾಸಿಗೆ ಹಾಕಿಕೊಟ್ಟೆ. ಬೇರೆ ಹುಡುಗಿಯರ ಜೊತೆ ಅಪ್ಪ, ಅಮ್ಮ, ಅಣ್ಣ, ಚಿಕ್ಕಮ್ಮ ಎಂದು ಒಂದೊಂದು ದಂಡೇ ಬಂದಿತ್ತು. ಗೇಟಿನ ಹತ್ತಿರ ಅವಳು "ಅಮ್ಮ, ದೊಡ್ಡಮ್ಮನ್ ಜೊತೆ ಜಗಳ ಆಡ್ಬೇಡ," ಎಂದಳು. "ನೀನು ಮಿಷಿನ್ನಿಗೆ ಬೆರಳು ಕೊಡ್ಬೇಡ," ಎಂದೆ. ಅಷ್ಟೇ ನಮ್ಮ ಬೀಳ್ಕೊಡುಗೆ. ಬಸ್ಸಿನಲ್ಲಿ ಪಕ್ಕದ ಸೀಟಿನವಳು ಯಾವೂರು ಎಂದು ಕೇಳಿದರೆ ಸಿಡುಕಿದೆ, ಅವಳು ಎದ್ದು ಬೇರೆ ಸೀಟಿಗೆ ಹೋದಳು.

ಮನೆ ಎಂದರೆ ಹೇಗಾಯಿತು ಗೊತ್ತೇ? ಬೈಯಲೂ ಯಾರಿಲ್ಲ. ಲೋಟ ಬಿದ್ದರೆ ನಾನೇ ಬೀಳಿಸಿದ್ದು, ಹಾಲು ಉಕ್ಕಿದರೆ ನಾನೇ ಉಕ್ಕಿಸಿದ್ದು. ಕೊಂಡಮ್ಮನೂ ನಾನೂ ಮೊದಲಿಗಿಂತ ದೂರವಾದೆವು, ಏಕೆಂದರೆ ಮಾತು ದಾಟಿಸುವವಳು ಈಗ ನಡುವೆ ಇರಲಿಲ್ಲ. ನಲ್ಲಿಯಲ್ಲಿ ನೀರು ಬಂದರೂ ಅವಳಿಗೆ ಹೇಳುವ ದಾರಿ ಇಲ್ಲ. ಗೋಡೆಯ ಆ ಕಡೆ ಅವಳು ಕೆಮ್ಮುವುದು ಕೇಳಿಸುತ್ತಿತ್ತು. ನಾನು ಪಾತ್ರೆ ಇಡುವುದು ಅವಳಿಗೂ ಕೇಳಿಸುತ್ತಿದ್ದಿರಬೇಕು. ಹೊಸ ಹುಳು ತಂದು ಸಾಕಲು ಶುರುಮಾಡಿದ ಮೇಲೆ ಸ್ವಲ್ಪ ಜೀವ ಬಂತು. ರಾಶಿ ಹುಳು ಒಟ್ಟಿಗೆ ಸೊಪ್ಪು ಮೇಯುವಾಗ ಸಣ್ಣ ಮಳೆ ಬಂದ ಹಾಗೆ ಸದ್ದಾಗುತ್ತದೆ. ಆ ಸದ್ದು ಕೇಳುತ್ತಾ ಅಲ್ಲೇ ನೆಲದ ಮೇಲೆ ಕೂತು ಉಣ್ಣುತ್ತಿದ್ದೆ.

ಭಾನು ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ಮೊದಲನೆಯ ಪ್ರಶ್ನೆ ಅದೇ, "ದೊಡ್ಡಮ್ಮ ಬಂದಿದ್ಳಾ?"

"ಬಂದಿದ್ಳು ಕಣೇ, ಈಗ ತಾನೇ ಎದ್ದು ಹೋದ್ಳು. ಹುರುಳಿಕಾಳು ಸಾರು ಮಾಡಿದ್ಲಂತೆ, ತಂದ್ಕೊಟ್ಳು. ಉಪ್ಪು ಜಾಸ್ತಿ."

ಸುಳ್ಳಿಗೆ ಉಪ್ಪನ್ನೂ ನಾನೇ ಹಾಕುತ್ತಿದ್ದೆ. ಒಂದು ದಿನ ಕೊಂಡಮ್ಮ ನನಗೆ ಸೀರೆ ಸೆರಗು ಹೊಲಿದುಕೊಟ್ಟಳು, ಇನ್ನೊಂದು ದಿನ ಇಬ್ಬರೂ ಟಿವಿ ನೋಡಿದೆವು, ಮತ್ತೊಂದು ದಿನ ಹೊಗೆಸೊಪ್ಪಿನ ವಿಷಯಕ್ಕೆ ಮತ್ತೆ ಜಗಳವಾಗಿ ಅವಳೇ ರಾಜಿಗೆ ಬಂದಳು. ಹೇಳುತ್ತಾ ಹೇಳುತ್ತಾ ನನಗೇ ಖುಷಿಯಾಗುತ್ತಿತ್ತು. ಫೋನ್ ಇಟ್ಟ ಮೇಲೆ ಆ ಕೊಂಡಮ್ಮ ಎಲ್ಲಿ ಎಂದು ಹುಡುಕುವ ಹಾಗಾಗುತ್ತಿತ್ತು.

"ನಿನಗೆ ಫ್ರೆಂಡ್ಸ್ ಆದ್ರಾ?" ಎಂದು ಒಮ್ಮೆ ಕೇಳಿದೆ.

"ಓ, ತುಂಬಾ ಜನ ಇದ್ದಾರಮ್ಮ. ದೊಡ್ಡಮ್ಮ ಇವತ್ತು ಏನಂದ್ಳು ಹೇಳು."

ನಾನು ಮತ್ತೆ ಕೊಂಡಮ್ಮನ ಕಥೆಗೇ ಹೋದೆ.

ಬೆಳೆ ಹಣ್ಣಾದದ್ದು ಭಾನುವಾರ. ಬೆಳಕು ಹರಿಯುವಾಗಲೇ ನೋಡಿದೆ, ಅಲ್ಲೊಂದು ಇಲ್ಲೊಂದು ತಲೆ ಎತ್ತಿತ್ತು. ಹೊತ್ತು ಏರಿದಂತೆ ತಟ್ಟೆ ತಟ್ಟೆಯೂ ಹಳದಿಗೆ ತಿರುಗಿತು. ನಾನು ಊಟ ತಿಂಡಿ ಬಿಟ್ಟು ಆಯತೊಡಗಿದೆ. ಎರಡು ಕೈ ಇರುವ ಒಬ್ಬ ಹೆಂಗಸು ಎಷ್ಟು ಆಯಲು ಸಾಧ್ಯ? ಈ ಮೂಲೆ ಮುಗಿಸಿ ತಿರುಗಿದರೆ ಆ ಮೂಲೆಯಲ್ಲಿ ಎಲೆಕಸದ ನಡುವೆ ನೂಲು ಬಿಡಲು ಶುರುಮಾಡಿದ್ದವು. ಅಯ್ಯೋ ಹಾಳಾದವೇ, ಒಂದು ಗಳಿಗೆ ತಡೀರೋ ಎಂದು ಹುಳುಗಳಿಗೆ ಕೈ ಮುಗಿದೆ.

ಆಗ ಫೋನ್ ಬಂತು. ರಜಾ ದಿನವಲ್ಲವೇ, ಅವಳಿಗೆ ಬಿಡುವಿತ್ತು.

"ಅಮ್ಮ, ಹಣ್ಣಾಯ್ತಾ?"

"ಆಗಿದೆ ಕಣೇ, ಆಯ್ತಾ ಇದ್ದೀವಿ. ಆಮೇಲೆ ಮಾಡು."

"ದೊಡ್ಡಮ್ಮ ಇದ್ದಾಳಲ್ಲ, ಅವಳಿಗೆ ಫೋನ್ ಕೊಡಮ್ಮ."

"ಕೈ ತೊಳೆಯೋಕೆ ಹೋಗವಳೆ."

"ನಾನು ಕಾಯ್ತೀನಿ."

ಹಲ್ಲು ಕಚ್ಚಿಕೊಂಡೆ. ಫೋನ್ ಇಟ್ಟರೆ ಅವಳಿಗೆ ಅನುಮಾನ ಬರುತ್ತದೆ. ಅನುಮಾನ ಬಂದರೆ ಸಂಜೆಯ ಬಸ್ಸಿಗೇ ಗಂಟು ಮೂಟೆ ಕಟ್ಟಿಕೊಂಡು ಬಂದುಬಿಡುತ್ತಾಳೆ, ಅವಳನ್ನು ನಾನು ಬಲ್ಲೆ. ಫೋನನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡು ಅಂಗಳ ದಾಟಿ ಓಡಿದೆ. ಕೊಂಡಮ್ಮ ಹೊಸಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು, ಮೇಲಿಷ್ಟು ಹೊಗೆಸೊಪ್ಪು ಬಾಯಿಗೆ ಹಾಕುತ್ತಿದ್ದಳು. ಹಸುವಿಗೆ ಹೇಳೋಣವೆಂದರೆ ಹಸು ಮೇಯಲು ಹೋಗಿತ್ತು. ನಾನು ಏನೂ ಹೇಳದೆ ಫೋನನ್ನು ಅವಳ ಮುಂದೆ ಹಿಡಿದೆ. ತೆರೆಯ ಮೇಲೆ ಭಾನುವಿನ ಹೆಸರಿತ್ತು. ನನ್ನ ಕೈಗೆ ಅಂಟಿದ್ದ ರೇಷ್ಮೆ ಎಳೆ ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು. ಫೋನ್ ತೆಗೆದುಕೊಂಡಳು.

ಕೊಂಡಮ್ಮನಿಗೆ ಒಂದು ಕಿವಿ ಮಂದ. ಸ್ಪೀಕರ್ ಹಾಕಿಕೊಂಡೇ ಮಾತಾಡುವುದು. ಹಾಗಾಗಿ ಎಲ್ಲವೂ ನನಗೆ ಕೇಳಿಸಿತು.

"ಏಮ್ಮಾ ಭಾನು," ಎಂದಳು. "ಹೇಳು ಬಂಗಾರ. ಹುಳ ಆಯ್ತಾ ಇದ್ದೆ. ಈ ಸಲ ಗೂಡು ಚೆನ್ನಾಗಿ ಬರುತ್ತೆ ನೋಡು."

ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. ಅವಳ ಕಾಲಿಗೆ ಬೀಳಬೇಕು ಅನ್ನಿಸಿತು ನನಗೆ.

"ದೊಡ್ಡಮ್ಮ, ಅಮ್ಮ ಪಕ್ಕದಲ್ಲಿದ್ದಾಳಾ?"

ಕೊಂಡಮ್ಮ ನನ್ನನ್ನೊಮ್ಮೆ ನೋಡಿದಳು. "ಇಲ್ಲಮ್ಮ. ಒಳಗವಳೆ. ನಾನು ಹೊರಗೆ ಬಂದೆ."

ಆ ಕಡೆ ನನ್ನ ಮಗಳು ಅತ್ತಳು. ಅವಳು ಅಳುವುದನ್ನು ನಾನು ಕೇಳಿ ಎಷ್ಟು ವರ್ಷವಾಗಿತ್ತು! ಅವರಪ್ಪ ಹೋದಾಗ ಅತ್ತಿದ್ದು.

"ಅಮ್ಮನಿಗೆ ಹೇಳ್ಬೇಡ ದೊಡ್ಡಮ್ಮ. ಇಲ್ಲಿ ನನ್ ಜೊತೆ ಯಾರೂ ಮಾತಾಡಲ್ಲ. ಕ್ಲಾಸಲ್ಲಿ ಹುಡುಗೀರೇ ಕಮ್ಮಿ. ಇರೋರೆಲ್ಲ ಒಂದೇ ಸ್ಕೂಲಿಂದ ಬಂದೋರು, ಅವರವರೇ ಜೋಡಿ. ಇಂಗ್ಲಿಷಲ್ಲಿ ಏನೋ ಹೇಳ್ಕೊಂಡು ನಗ್ತಾರೆ. ನನಗೂ ಹೋಗಿ ಮಾತಾಡ್ಸೋಕೆ ಬಾಯೇ ಬರಲ್ಲ. ಊಟದ ತಟ್ಟೆ ಹಿಡ್ಕೊಂಡು ಎಲ್ಲಿ ಕೂತ್ಕೋಬೇಕು ಅಂತ ದಿನಾ ನಿಂತ್ಕೊಂಡಿರ್ತೀನಿ."

"ಓದು ಕಷ್ಟಾನೇನಮ್ಮ?"

"ಓದು ಇಷ್ಟ ದೊಡ್ಡಮ್ಮ. ಮಿಷಿನ್ ಅಂದ್ರೆ ತುಂಬಾ ಇಷ್ಟ. ಕಬ್ಬಿಣ ಉಜ್ಜಿ ಉಜ್ಜಿ ಅಳತೆಗೆ ತರೋದ್ರಲ್ಲಿ ಸಾರ್ ನನ್ನ ಕೆಲಸಾನೇ ಎಲ್ರಿಗೂ ತೋರಿಸಿದ್ರು. ಆದ್ರೂ ಸಂಜೆ ಆದ್ರೆ ಆಗಲ್ಲ. ವಾಪಸ್ ಬಂದ್ಬಿಡ್ಲಾ? ಶಿಡ್ಲಘಟ್ಟದಲ್ಲಿ ಇನ್ನೂ ಸೇರಿಸ್ಕೋತಾರಂತೆ."

ಬಾ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಬಾರಮ್ಮ ತಾಯಿ, ಯಾವ ಅಚ್ಚೂ ಬೇಡ, ಯಾವ ಡಿಪ್ಲೊಮಾನೂ ಬೇಡ, ನೀನು ಇಲ್ಲೇ ಇರು, ಇಬ್ಬರೂ ಹುಳುಮನೆಯಲ್ಲಿ ಕೂತು ಉಣ್ಣೋಣ. ಊರಿಗೆಲ್ಲ ಗೊತ್ತಿರುವ ನನ್ನ ಬಾಯಿ, ಯಾರಿಗೂ ಎಂದೂ ಹೆದರದ ಬಾಯಿ ತೆರೆದೇಬಿಟ್ಟಿತ್ತು. ಕೊಂಡಮ್ಮ ಕೈ ಎತ್ತಿ ತಡೆದಳು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಅವಳ ಜಗಲಿಯ ಕಂಬ ಹಿಡಿದು ನಿಂತೆ.

"ಇಲ್ಲಿ ಕೇಳಮ್ಮ ಭಾನು," ಎಂದಳು ಕೊಂಡಮ್ಮ. "ನಾನೂ ನಿಮ್ಮಮ್ಮನೂ ಇಷ್ಟು ವರ್ಷ ಮಾತು ಬಿಟ್ಟಿದ್ದಿದ್ದು ಯಾತಕ್ಕೆ? ಹೊಗೆಸೊಪ್ಪಿಗಲ್ಲ ಕಣೇ. ಮೊದಲು ಯಾರು ಬಾಯಿ ಬಿಡೋದು ಅಂತ. ಅವಳು ಬರ್ಲಿ ಅಂತ ನಾನು, ನಾನು ಬರ್ಲಿ ಅಂತ ಅವಳು. ಗೋಡೆ ಆ ಕಡೆ ಅವಳು ಒಬ್ಬಳೇ ಮಾತಾಡ್ಕೊಳೋದು ನನಗೆ ಕೇಳಿಸ್ತಿತ್ತು. ಎದ್ದು ಹೋಗೋಣ ಅನ್ಸೋದು, ಹೋಗ್ತಿರಲಿಲ್ಲ. ಕೊನೆಗೆ ಅವಳೇ ಬಂದ್ಲು ನೋಡು, ನಿನಗೋಸ್ಕರ. ಅಂಥಾ ಬಜಾರಿನೇ ಬಂದ್ಲು ಅಂದ್ಮೇಲೆ ನಿನಗೇನೇ ಕಷ್ಟ? ನಿನ್ ಹಂಗೇ ಒಬ್ಬಳೇ ಕೂತ್ಕೊಂಡು ತಿನ್ನೋಳು ಅಲ್ಲಿ ಯಾರೂ ಇಲ್ವಾ?"

"ಒಬ್ಬಳಿದ್ದಾಳೆ. ಇಲ್ಲೇ ಪಕ್ಕದ ಅಲೀಪುರದವಳು. ಮನೆಯಿಂದ ಡಬ್ಬಿ ತರ್ತಾಳೆ, ಕಿಟಕಿ ಹತ್ರ ಕೂತಿರ್ತಾಳೆ."

"ನಾಳೆ ಅವಳ ಪಕ್ಕ ಹೋಗಿ ಕೂತ್ಕೋ. ಅಷ್ಟು ಮಾಡಿ ಆಮೇಲೆ ವಾಪಸ್ ಬರೋ ಮಾತು ಆಡು. ಈಗ ಇಡು, ಹುಳ ಕಾಯಲ್ಲ."

ಅವಳು ಫೋನನ್ನು ನನ್ನ ಕೈಗಿಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಷ್ಟು ದಿನ ನಾನು ಫೋನಿನಲ್ಲಿ ಕೊಂಡಮ್ಮನ ಸುಳ್ಳು ಕಥೆ ಹೇಳಿದ್ದೇ ಹೇಳಿದ್ದು, ಮಗಳು ಎಲ್ಲಿ ಕೂತು ಉಣ್ಣುತ್ತಾಳೆ ಎಂದು ಒಂದು ದಿನವಾದರೂ ಕೇಳಿದೆನೇ? ನಾನು ತಿರುಗಿ ನನ್ನ ಮನೆಯ ಕಡೆ ಹೊರಟೆ. ಕಣ್ಣು ಮಂಜಾಗಿ ಅಂಗಳದ ಕಲ್ಲಿಗೆ ಕಾಲು ಎಡವಿತು.

ಹಿಂದೆ ಥೂ ಎಂದು ಉಗಿದ ಸದ್ದಾಯಿತು. ನನಗೇ ಉಗಿದಳು ಎಂದುಕೊಂಡು ತಿರುಗಿದೆ. ಕೊಂಡಮ್ಮ ಕಲ್ಲುಬಾನಿಯ ಹತ್ತಿರ ಬಗ್ಗಿ ನಿಂತಿದ್ದಳು. ಈಗ ತಾನೇ ಹಾಕಿಕೊಂಡಿದ್ದ ಎಲೆ, ಅಡಿಕೆ, ಹೊಗೆಸೊಪ್ಪು ಎಲ್ಲವನ್ನೂ ಉಗಿದು, ಚೊಂಬು ಚೊಂಬು ನೀರು ತೆಗೆದುಕೊಂಡು ಬಾಯಿ ಮುಕ್ಕಳಿಸಿದಳು. ಬಟ್ಟೆ ಸೋಪಿನಿಂದ ಮೊಣಕೈವರೆಗೂ ಕೈ ತೊಳೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಮುಂದೆ ಬಂದು ನಿಂತು ಬಾಯಿ ತೆರೆದು ತೋರಿಸಿದಳು, ಡಾಕ್ಟರ್ ಮುಂದೆ ತೋರಿಸುವ ಹಾಗೆ.

"ಸಾಕಾ?" ಎಂದಳು.

ಹಸುವಿಗಲ್ಲ, ಭಾನುವಿಗಲ್ಲ, ನನಗೆ.

"ಸಾಕು," ಎಂದೆ.

ಹೊತ್ತು ಮುಳುಗುವವರೆಗೂ ಆಯ್ದೆವು. ಮಾತೇನೂ ಆಡಲಿಲ್ಲ. ಅವಳ ತುಟಿಯಲ್ಲಿ ಇನ್ನೂ ಹೊಗೆಸೊಪ್ಪಿನ ವಾಸನೆ ಇತ್ತು, ಸುಮ್ಮನಿದ್ದೆ. ಒಂದೆರಡು ತಟ್ಟೆ ಕೈಬಿಟ್ಟು ಹೋದವು, ಕಸದಲ್ಲೇ ಗೂಡು ಕಟ್ಟಿದವು. ಉಳಿದದ್ದು ಉಳಿಯಿತು. ಹೋಗುವಾಗ ಅವಳು "ಬುಧವಾರ ನನ್ನ ರಾಗಿ ಹೊಲದಲ್ಲಿ ಕಳೆ ತೆಗೆಯೋದಿದೆ," ಎಂದಷ್ಟೇ ಹೇಳಿ ಹೋದಳು. ಮುಯ್ಯಿ ಎಂದರೆ ಮುಯ್ಯಿ. ಅವಳು ಹೋದ ಮೇಲೆ ಹುಳುಮನೆ ನಿಶ್ಶಬ್ದವಾಯಿತು. ಹಣ್ಣಾದ ಹುಳು ಮೇಯುವುದಿಲ್ಲವಲ್ಲ, ಆ ಮಳೆಯ ಸದ್ದೂ ಇರಲಿಲ್ಲ. ರ‍್ಯಾಕಿಗೆ ಒರಗಿ ಕೂತು, ಈ ಹೊತ್ತಿಗೆ ಮಗು ತಟ್ಟೆ ಹಿಡಿದುಕೊಂಡು ಎಲ್ಲಿ ನಿಂತಿದೆಯೋ ಎಂದು ಅತ್ತೆ. ಫೋನ್ ಮಾಡಿ ಕೇಳುವ ಹಾಗಿಲ್ಲ. ನಾನು ಅದನ್ನು ಕೇಳಿಸಿಕೊಂಡೇ ಇಲ್ಲವಲ್ಲ.

ಮಾರನೆಯ ದಿನ ಸಂಜೆ ಅವಳೇ ಮಾಡಿದಳು.

"ಅಮ್ಮ, ದೊಡ್ಡಮ್ಮ ಬಂದಿದ್ಳಾ?"

"ಅವಳ ವಿಷಯ ಇರ್ಲಿ ಬಿಡೇ," ಎಂದೆ. "ಇವತ್ತು ಮಧ್ಯಾಹ್ನ ಊಟಕ್ಕೆ ಯಾರ ಜೊತೆ ಕೂತಿದ್ದೆ?"

ಫೋನಿನಲ್ಲಿ ಹಾಸ್ಟೆಲಿನ ಗಲಾಟೆ ಕೇಳಿಸುತ್ತಿತ್ತು, ಯಾರೋ ನಗುತ್ತಿದ್ದರು, ಅದು ನನ್ನ ಮಗಳಲ್ಲ.

"ಅಲೀಪುರದ ಹುಡುಗಿ ಒಬ್ಬಳಿದ್ದಾಳಮ್ಮ, ಅವಳ ಪಕ್ಕ ಕೂತಿದ್ದೆ. ಡಬ್ಬಿಯಿಂದ ಒಂದು ರೊಟ್ಟಿ ತೆಗೆದು ನನ್ನ ತಟ್ಟೆಗೆ ಹಾಕಿದ್ಳು."

"ಹೆಸರೇನೇ ಅವಳದು?"

"ಮಾತಾಡ್ಲಿಲ್ಲಮ್ಮ ಇನ್ನೂ. ಹೆಸರು ನಾಳೆ ಕೇಳ್ತೀನಿ."